ಓದುವ ಬದಲು ಎಣಿಸಿದರೆ

ಮಲ್ಲೇಶ್ವರ, ಬಸವನಗುಡಿಗಳಲ್ಲಿ ಬೆಳೆದವರಿಗೆ ರ‍್ಯಾಂಕ್ ಎಂಬುದು ಹೊಸ ಮಾತಲ್ಲ. ಫಲಿತಾಂಶ ಬಂದ ವಾರ ಟ್ಯೂಷನ್ ಬ್ಯಾನರುಗಳಲ್ಲಿ ಸಾಲುಗಟ್ಟುವ ಮಕ್ಕಳ ಮುಖಗಳನ್ನು ನೋಡಿಕೊಂಡೇ ನಾವು ತರಕಾರಿ ತರುತ್ತೇವೆ. ಹಾಗಾಗಿ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ 2021ರ ಜೂನಿನಲ್ಲಿ ಜಗತ್ತಿನ ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಕ್ಯುಎಸ್ ಪಟ್ಟಿಯ ಸೈಟೇಷನ್ ಕಾಲಮ್ಮಿನಲ್ಲಿ 100ಕ್ಕೆ 100 ಬಂದದ್ದು ನಮ್ಮ ಮನೆಯ ಹುಡುಗನಿಗೇ ಬಂದಷ್ಟು ಖುಷಿ ಕೊಟ್ಟಿತು. ಅದೇ ಪಟ್ಟಿಯಲ್ಲಿ ಸಂಸ್ಥೆಯ ಒಟ್ಟಾರೆ ಸ್ಥಾನ 186. ಅದು ಅಷ್ಟು ಜೋರಾಗಿ ಕೇಳಿಸಲಿಲ್ಲ.

ಆ ನೂರು ಬಂದ ಬಗೆ ಸರಳ. ಐದು ವರ್ಷಗಳ ಪೇಪರುಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಕೂಡಿ, ಅಧ್ಯಾಪಕರ ಸಂಖ್ಯೆಯಿಂದ ಭಾಗಿಸುವುದು. ರಾತ್ರಿಯೆಲ್ಲ ಲ್ಯಾಬಿನಲ್ಲಿ ಕೂತ ಪಿಎಚ್.ಡಿ. ವಿದ್ಯಾರ್ಥಿಯ ದುಡಿಮೆ ಮೇಲಿನ ಅಂಕಿಗೆ ಸೇರುತ್ತದೆ; ಅವನು ಕೆಳಗಿನ ಅಂಕಿಯಲ್ಲಿಲ್ಲ. ಆದರೂ ಒಂದು ಸಂಸ್ಥೆಯ ಮಟ್ಟಿಗೆ ಈ ಲೆಕ್ಕ ಏನನ್ನೋ ಹೇಳುತ್ತದೆ. ನನ್ನ ತಕರಾರಿರುವುದು ಅದೇ ಲೆಕ್ಕದ ಕೋಲನ್ನು ಒಬ್ಬೊಬ್ಬರ ಬೆನ್ನಿಗೂ ಹಿಡಿಯುವುದರ ಬಗ್ಗೆ.

ಭೌತವಿಜ್ಞಾನಿ ಹಾರ್ಹೆ ಹಿರ್ಷ್ 2005ರಲ್ಲಿ ಎಚ್-ಇಂಡೆಕ್ಸ್ ಹುಟ್ಟುಹಾಕಿದರು. ನಿಮ್ಮ ಇಪ್ಪತ್ತು ಪೇಪರುಗಳಿಗೆ ತಲಾ ಇಪ್ಪತ್ತು ಉಲ್ಲೇಖಗಳಿದ್ದರೆ ನಿಮ್ಮ ಅಂಕ 20. ಬರೆದದ್ದೇ ನಾಲ್ಕು, ಒಂದೊಂದಕ್ಕೂ ಹತ್ತು ಸಾವಿರ ಉಲ್ಲೇಖ ಎಂದಾದರೆ ನಿಮ್ಮ ಅಂಕ 4. ಬೀಗರ ಕಡೆಯವರು ಜಾತಕದ ಗುಣ ಎಣಿಸುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ: ಎಣಿಕೆ ಕರಾರುವಾಕ್ಕು, ಹುಡುಗನನ್ನು ಮಾತ್ರ ಯಾರೂ ಮಾತಾಡಿಸಿಲ್ಲ.

ಗಣಕ ವಿಜ್ಞಾನದಲ್ಲಿ ಈ ಕೋಲು ಇನ್ನಷ್ಟು ಸೊಟ್ಟ. ಇಲ್ಲಿನ ಒಳ್ಳೆಯ ಕೆಲಸ ಪತ್ರಿಕೆಗಿಂತ ಮೊದಲು ಸಮ್ಮೇಳನಗಳಲ್ಲಿ ಬೆಳಕು ಕಾಣುತ್ತದೆ. ಸಮ್ಮೇಳನಗಳನ್ನು ಒಂದು ದತ್ತಾಂಶಕೋಶ ಸೇರಿಸುತ್ತದೆ, ಇನ್ನೊಂದು ಬಿಡುತ್ತದೆ. ಹೀಗಾಗಿ ಒಬ್ಬರಿಗೇ ಎರಡು ಕಡೆ ಎರಡು ಅಂಕ. ಅದಕ್ಕಿಂತ ದೊಡ್ಡದು ಓಣಿಗಳ ವ್ಯತ್ಯಾಸ. ಯಂತ್ರಕಲಿಕೆಯ ಓಣಿಯಲ್ಲಿ ಸದಾ ಜಾತ್ರೆ: 2017ರಲ್ಲಿ ಗೂಗಲ್‌ನವರು ಟ್ರಾನ್ಸ್‌ಫಾರ್ಮರ್ ವಿನ್ಯಾಸದ ಬಗ್ಗೆ ಬರೆದ ಒಂದೇ ಪೇಪರಿಗೆ ಲಕ್ಷ ಮೀರಿ ಉಲ್ಲೇಖಗಳಿವೆ. ಸಿದ್ಧಾಂತದ ಓಣಿಯಲ್ಲಿ ಓಡಾಡುವವರೇ ಕಡಿಮೆ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಅದೃಷ್ಟವನ್ನು ನಂಬದೆ ಬೇಗ ಪತ್ತೆಹಚ್ಚುವ ದಾರಿ ತೋರಿಸಿದರು. ಜಗತ್ತು ಬಹುಕಾಲ ಹುಡುಕುತ್ತಿದ್ದ ದಾರಿ ಅದು. ಉಲ್ಲೇಖದ ಲೆಕ್ಕದಲ್ಲಿ ಆ ಪೇಪರು ಟ್ರಾನ್ಸ್‌ಫಾರ್ಮರಿನ ಹತ್ತಿರಕ್ಕೂ ಸುಳಿಯದು. ಕಯಾಲ್ ಮುಂದೆ ಮಲ್ಲೇಶ್ವರಕ್ಕೆ ಅಂಟಿಕೊಂಡ ಸದಾಶಿವನಗರದಲ್ಲಿದ್ದ ಮೈಕ್ರೋಸಾಫ್ಟ್ ಸಂಶೋಧನಾಲಯ ಸೇರಿದರು. ಆದರೆ 2002ರಲ್ಲಿ ಅವರೂ ಸಕ್ಸೇನಾರೂ ಬಿ.ಟೆಕ್. ಆಗಷ್ಟೇ ಮುಗಿಸಿದ್ದ ಹುಡುಗರು. ಎಚ್-ಇಂಡೆಕ್ಸ್ ಅಂದೇ ಇದ್ದು, ಅದನ್ನು ನೋಡಿ ಕೆಲಸ ಕೊಡಲು ಹೊರಟಿದ್ದರೆ ಅವರನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು.

ಅಂಕಿ ಬೇಡ ಎಂದರೆ ಮತ್ತೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ‘ನಮ್ಮವನು’, ‘ನಮ್ಮ ಗುರುಗಳ ಶಿಷ್ಯ’ ಎಂದು ಪಿಸುಗುಟ್ಟಿ ಆಯ್ಕೆ ಮಾಡುವ ಸಮಿತಿಗಳನ್ನು ನಾವೆಲ್ಲ ಬಲ್ಲೆವು. ಯಾರ ಬೆಂಬಲವೂ ಇಲ್ಲದ ಊರಿನ ಹುಡುಗಿಗೆ ತನ್ನ ಪರವಾಗಿ ಮಾತಾಡುವ ಒಂದು ಅಂಕಿಯಾದರೂ ಇರಲಿ ಅನಿಸುವುದು ಸಹಜ. ಈ ವಾದದ ಮುಂದೆ ನಾನು ಬಹಳ ದಿನ ಸುಮ್ಮನಿದ್ದೆ. ಆದರೆ ಅಂಕಿಗೂ ನಂಟಸ್ತಿಕೆ ಇದೆ. ‘ನೀನು ನನ್ನನ್ನು ಉಲ್ಲೇಖಿಸು, ನಾನು ನಿನ್ನನ್ನು’ ಎಂಬ ಮುಯ್ಯಿ ಪದ್ಧತಿಗೆ ಮದುವೆ ಮನೆಯೇ ಬೇಕಿಲ್ಲ. ಯುಜಿಸಿ 2010ರಲ್ಲಿ ಬಡ್ತಿಗೆ ಪೇಪರುಗಳ ಅಂಕ ಕಟ್ಟಿದ ಮೇಲೆ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. ಅವನ್ನು ಸೋಸಲು ಕೇರ್ ಎಂಬ ಪಟ್ಟಿ ಬಂತು. 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟರು. ಅಂಕಿ ಮೊದಲ ಜರಡಿಯಾಗಿರಲಿ, ಅಡ್ಡಿಯಿಲ್ಲ. ಅಲ್ಲಿಂದ ಮುಂದೆ ಆಯ್ಕೆಗೆ ಕೂತವರು ಅಭ್ಯರ್ಥಿಯ ಎರಡು ಪೇಪರುಗಳನ್ನಾದರೂ ಕೂತು ಓದಬೇಕು. ಆ ಬೇಸರ ತಪ್ಪಿಸಿಕೊಳ್ಳಲಿಕ್ಕೇ ನಾವು ಎಣಿಸುತ್ತಿದ್ದೇವೆ ಎಂಬುದು ನನ್ನ ಗುಮಾನಿ.

ಇನ್ನೊಂದು ವಿಚಿತ್ರವಿದೆ. ಒಂದು ಕೆಲಸ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೋ ಅಷ್ಟರಮಟ್ಟಿಗೆ ಅದರ ಉಲ್ಲೇಖ ನಿಂತುಹೋಗುತ್ತದೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡದ ಸ್ವರ ವ್ಯಂಜನಗಳನ್ನು ಇಂಗ್ಲಿಷ್ ಕೀಲಿಮಣೆಯ ಮೇಲೆ ಕೂರಿಸಿದ ವಿನ್ಯಾಸವನ್ನೇ ಮುಂದೆ ‘ನುಡಿ’ ತಂತ್ರಾಂಶ ಬಳಸಿತು, ಸರ್ಕಾರ ಒಪ್ಪಿತು. ತಾಲ್ಲೂಕು ಕಚೇರಿಯ ಆದೇಶದಿಂದ ಹಿಡಿದು ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಆಹ್ವಾನಪತ್ರಿಕೆಯವರೆಗೆ ಆ ಹಾದಿಯಲ್ಲಿ ಬಂದ ಅಕ್ಷರಗಳಿಗೆ ಲೆಕ್ಕವಿಟ್ಟವರಿಲ್ಲ. ಟೈಪ್ ಮಾಡಿದವರು ಯಾರೂ ಅಡಿಟಿಪ್ಪಣಿಯಲ್ಲಿ ರಾಯರ ಹೆಸರು ಹಾಕುವುದಿಲ್ಲ. ಇಷ್ಟು ಬರೆದು ಮುಗಿಸುವಾಗ ನನಗೂ ಹೊಳೆಯಿತು: ಇದನ್ನು ಟೈಪ್ ಮಾಡಿದ್ದು ಅದೇ ವಿನ್ಯಾಸದಲ್ಲಿ, ಅಡಿಟಿಪ್ಪಣಿ ನಾನೂ ಹಾಕಿಲ್ಲ.