ಮನೆಯ ರಕ್ಷಣೆಗೆ ರಿವಾಲ್ವರ್: ನಂಬಬಹುದಾದದ್ದು ಯಾವುದು?

2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಹಾಕಿದ ಕಳ್ಳರು ಸುಮಾರು 17.7 ಕಿಲೋ ಅಡವಿನ ಚಿನ್ನವನ್ನು ಹೊತ್ತೊಯ್ದರು. ಮೂರು ತಿಂಗಳೊಳಗೆ, 2025ರ ಜನವರಿ 16ರಂದು, ಬೀದರಿನಲ್ಲಿ ಎಟಿಎಂಗೆ ಹಣ ತುಂಬಲು ಹೊರಟವರ ಮೇಲೆ ಹಾಡಹಗಲೇ ಗುಂಡು ಹಾರಿತು. ಒಂದು ಜೀವ ಹೋಯಿತು. ಮರುದಿನವೇ ನಮ್ಮ ಉಳ್ಳಾಲದ ಬಳಿ ಕೆ.ಸಿ. ರೋಡಿನ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ ಆಯುಧ ಹಿಡಿದ ತಂಡವೊಂದು ನುಗ್ಗಿತು. ಘಟ್ಟದ ಮೇಲೂ ಕೆಳಗೂ ಜನ ಬೆಚ್ಚಿಬಿದ್ದರು.

ಇಂಥ ಸುದ್ದಿಗಳ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ. ನ್ಯಾಮತಿ ಕಡೆಯ ಗೋವಿನಕೋವಿಯಂಥ ಹಳ್ಳಿಯ ತೋಟದ ಮನೆಯಲ್ಲಿರುವವರೂ, ಕರಾವಳಿಯಲ್ಲಿ ಮಕ್ಕಳೆಲ್ಲ ಗಲ್ಫ್ ಸೇರಿ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರೂ ಇದನ್ನೇ ಕೇಳುತ್ತಾರೆ: "ಮನೆಯಲ್ಲೊಂದು ರಿವಾಲ್ವರ್ ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ? ಇಡುವುದಾದರೆ ಯಾವುದು?" ಭಯದಿಂದ ಹುಟ್ಟಿದ ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾರೆವು. ಉತ್ತರವನ್ನು ವಿವರವಾಗಿಯೇ ಹುಡುಕೋಣ.

ಕಾನೂನು ಏನು ಹೇಳುತ್ತದೆ?

ಮೊದಲನೆಯದಾಗಿ, ನಮ್ಮ ದೇಶದಲ್ಲಿ ಆಯುಧ ಇಟ್ಟುಕೊಳ್ಳುವುದು ಹಕ್ಕಲ್ಲ, ಪರವಾನಗಿಯಿಂದ ಸಿಗುವ ಅನುಮತಿ. 1959ರ ಆಯುಧ ಕಾಯ್ದೆಯ ಪ್ರಕಾರ 21 ವರ್ಷ ತುಂಬದವರಿಗೆ ಪರವಾನಗಿ ಇಲ್ಲ. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಮಂಗಳೂರಿನಂಥ ನಗರದಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ನೀಡುತ್ತಾರೆ. ಅದಕ್ಕೆ ಮೊದಲು ಪೊಲೀಸ್ ವರದಿ ಬರಬೇಕು. 2016ರ ಆಯುಧ ನಿಯಮಗಳು ವೈದ್ಯಕೀಯ ಪ್ರಮಾಣಪತ್ರವನ್ನೂ ಸುರಕ್ಷತೆಯ ತರಬೇತಿಯನ್ನೂ ಕೇಳುತ್ತವೆ. ಆತ್ಮರಕ್ಷಣೆಗೆ ರಿವಾಲ್ವರ್ ಬೇಕೆನ್ನುವವರು ತಮ್ಮ ಜೀವಕ್ಕೆ ನಿಜವಾದ ಬೆದರಿಕೆ ಇದೆಯೆಂದು ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಅವಧಿ ಐದು ವರ್ಷ. ಪರವಾನಗಿ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ ಎರಡು ವರ್ಷ ಜೈಲು.

ನಮ್ಮ ಕೃಷಿಕರ ಮನೆಗಳಲ್ಲಿರುವುದು ಬೇರೆ ಬಗೆಯ ಕೋವಿ. ಹಂದಿ, ಮಂಗಗಳಿಂದ ಬೆಳೆ ಉಳಿಸಲು ಕೊಡುವ ಉದ್ದ ನಳಿಗೆಯ ಕೋವಿಯದು. ಆ ಪರವಾನಗಿ ತೋರಿಸಿ ರಿವಾಲ್ವರ್ ಕೊಳ್ಳಲು ಬರುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದೆ. ಅದು ಕೊಡಗಿನ ವಿಶೇಷ. ಅದನ್ನು ನಾವು ಇಲ್ಲಿ ಉದಾಹರಣೆಗೆ ತರುವಂತಿಲ್ಲ.

ರಿವಾಲ್ವರೋ, ಪಿಸ್ತೂಲೋ?

ಪರವಾನಗಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. 9 ಮಿ.ಮೀ. ಪಿಸ್ತೂಲು ನಿಷೇಧಿತ ಅಳತೆಯದು, ಸಾಮಾನ್ಯರಿಗೆ ಸಿಗುವುದಿಲ್ಲ. ಸಾಮಾನ್ಯವಾಗಿ ಸಿಗುವುದು .32 ಅಳತೆಯದು. ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರನ್ನು ಮನಸ್ಸಿನಲ್ಲಿಟ್ಟು 'ನಿರ್ಭೀಕ್' ಎಂಬ ರಿವಾಲ್ವರ್ ತಂದಿತು. ತೂಕ ಸುಮಾರು ಅರ್ಧ ಕಿಲೋ, ಆಗಿನ ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲೆ. 2023ರ ಆಗಸ್ಟ್‌ನಲ್ಲಿ ಸರಕಾರಿ ಕಂಪನಿಯೊಂದರಿಂದ 'ಪ್ರಬಲ್' ಬಂದಿತು. ಅದರ ಗುಂಡು 50 ಮೀಟರ್ ದೂರ ಮುಟ್ಟುತ್ತದೆ ಎಂದು ಪ್ರಚಾರವಾಯಿತು.

ಇವುಗಳಲ್ಲಿ ನಂಬಿಕೆಗೆ ಯಾವುದು ಅರ್ಹ? ರಿವಾಲ್ವರಿನ ರಚನೆ ಸರಳ. ಒಂದು ತೋಟೆ ಸಿಡಿಯದಿದ್ದರೆ ಟ್ರಿಗರನ್ನು ಮತ್ತೆ ಎಳೆದರಾಯಿತು, ಮುಂದಿನ ತೋಟೆ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಹೆಚ್ಚು ಗುಂಡು ಹಿಡಿಯುತ್ತದೆ, ಆದರೆ ತೋಟೆ ಸಿಕ್ಕಿಕೊಂಡರೆ ಅದನ್ನು ಬಿಡಿಸಲು ಪಳಗಿದ ಕೈ ಬೇಕು. ಅಭ್ಯಾಸವಿಲ್ಲದವರಿಗೆ ರಿವಾಲ್ವರೇ ಮೇಲು ಎಂದು ಬಲ್ಲವರು ಹೇಳುವುದು ಇದಕ್ಕಾಗಿ. ನಮ್ಮ ಮಳೆಗಾಲದಲ್ಲಿ ಎರಡಕ್ಕೂ ತುಕ್ಕು ಹಿಡಿಯುತ್ತದೆ. ತೊಗಲಿನ ಚೀಲದಲ್ಲಿಟ್ಟರೆ ತೇವ ಕುಡಿದು ಇನ್ನೂ ಬೇಗ ಹಿಡಿಯುತ್ತದೆ. ಸಣ್ಣ ನಳಿಗೆಯ ಆಯುಧದಿಂದ ಕತ್ತಲಲ್ಲಿ, ನಡುಗುವ ಕೈಯಲ್ಲಿ ಕೆಲವೇ ಮಾರು ದೂರದ ಗುರಿಯೂ ತಪ್ಪುತ್ತದೆ. ಅಭ್ಯಾಸ ಮಾಡೋಣವೆಂದರೆ ವರ್ಷಕ್ಕೆ ಕೊಳ್ಳಬಹುದಾದ ತೋಟೆಗಳಿಗೂ ಮಿತಿಯಿದೆ. ಆಯುಧವನ್ನು ನಂಬಬಹುದೋ ಇಲ್ಲವೋ ಎಂಬುದು ಕಬ್ಬಿಣಕ್ಕಿಂತ ಹೆಚ್ಚಾಗಿ ಅದನ್ನು ಹಿಡಿದ ಕೈಗೆ ಬಿಟ್ಟದ್ದು.

ಇದ್ದರೂ ಉಪಯೋಗವಾಗುತ್ತಿತ್ತೇ?

ಮೇಲಿನ ಘಟನೆಗಳನ್ನೇ ತೆಗೆದುಕೊಳ್ಳಿ. ನ್ಯಾಮತಿಯಲ್ಲಿ ಕಳ್ಳರು ಬಂದದ್ದು ಬ್ಯಾಂಕಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ. ಗುಂಡು ಹಾರಿಸಲು ಅಲ್ಲಿ ಯಾರಿದ್ದರು? ಊರವರ ಚಿನ್ನವನ್ನು ಮರಳಿ ತಂದದ್ದು ಪೊಲೀಸರ ತಾಳ್ಮೆಯ ತನಿಖೆ. ಐದು ತಿಂಗಳ ನಂತರ, 2025ರ ಮಾರ್ಚ್‌ನಲ್ಲಿ, ತಮಿಳುನಾಡಿನ ಒಂದು ಬಾವಿಯೊಳಗಿಂದ ಅದು ಮೇಲೆ ಬಂತು. ಕೋಟೆಕಾರು ಪ್ರಕರಣದಲ್ಲೂ ಕೆಲವೇ ದಿನಗಳಲ್ಲಿ ಆರೋಪಿಗಳು ಸಿಕ್ಕಿಬಿದ್ದರು.

ಗುರಿಯಿಟ್ಟು ಬರುವ ಕೊಲೆಗಾರರ ಮಾತು ಬೇರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರು ಬಲಿಯಾದದ್ದು ತಮ್ಮದೇ ಮನೆಬಾಗಿಲಲ್ಲಿ. ಹೊಂಚುಹಾಕಿ ಬಂದವನ ಎದುರು ಕಪಾಟಿನೊಳಗಿನ ರಿವಾಲ್ವರ್ ಏನು ಮಾಡೀತು?

ಇನ್ನೊಂದು ಸಂಗತಿಯನ್ನು ಕೋವಿ ಇರುವವರೆಲ್ಲ ಬಲ್ಲರು. ಚುನಾವಣೆ ಘೋಷಣೆಯಾಯಿತೆಂದರೆ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಲು ಹೇಳುತ್ತಾರೆ. ಹಂದಿ ತೋಟಕ್ಕೆ ನುಗ್ಗುವ ಹೊತ್ತಿನಲ್ಲಿ ಕೋವಿ ಠಾಣೆಯಲ್ಲಿರುತ್ತದೆಂದು ನಮ್ಮ ಕೃಷಿಕರು ದೂರುತ್ತಲೇ ಬಂದಿದ್ದಾರೆ. ಅದನ್ನೇ ನಂಬಿ ನಿದ್ದೆಮಾಡುವವರು ಆ ವಾರಗಳಲ್ಲಿ ಯಾರನ್ನು ನಂಬಬೇಕು?

ಹಾಗೆಂದು ಆತ್ಮರಕ್ಷಣೆಯ ಹಕ್ಕು ಇಲ್ಲವೆಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಅದನ್ನು ಕಾಪಾಡುತ್ತವೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಪೆಟ್ಟು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೂ ಇಲ್ಲ ಎಂಬ ಗೆರೆಯನ್ನು ಅದೇ ಕಾನೂನು ಎಳೆದಿದೆ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹೊಡೆದವರು ತಾವೇ ಕಟಕಟೆಯಲ್ಲಿ ನಿಲ್ಲಬೇಕಾದೀತು.

ಯಾರಿಗೆ ಅಪಾಯ?

ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದು. ಬಹಳಷ್ಟು ಮನೆಗಳಲ್ಲಿ ಬಂದೂಕಿರುವ ಅಮೆರಿಕದಲ್ಲಿ ಪ್ರತಿವರ್ಷ ಗುಂಡಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. 1993ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವು, ಬಂದೂಕಿರುವ ಮನೆಯಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಎಂದು ಕಂಡಿತು. ಕೊಂದವರಲ್ಲಿ ಹೆಚ್ಚಿನವರು ಮನೆಯವರು ಇಲ್ಲವೇ ಪರಿಚಯದವರು. ಕಳ್ಳನಿಗೆಂದು ತಂದದ್ದು ಮನೆಯವರ ಮೇಲೇ ತಿರುಗುತ್ತದೆ ಎಂದಾಯಿತು.

ನಮ್ಮ ಮನೆಗಳನ್ನು ನಾವೇ ನೋಡಿಕೊಳ್ಳೋಣ. ಸಾಲದ ಚಿಂತೆಯಲ್ಲಿ ರಾತ್ರಿಯಿಡೀ ಎಚ್ಚರವಾಗಿರುವ ಯಜಮಾನ, ಕುಡಿದು ಬರುವ ಮಗ, ಅಣ್ಣತಮ್ಮಂದಿರ ಜಾಗದ ಜಗಳ, ಪರೀಕ್ಷೆಯಲ್ಲಿ ಸೋತ ಹುಡುಗ, ಕೈಗೆ ಸಿಕ್ಕಿದ್ದನ್ನೆಲ್ಲ ಆಟಿಕೆ ಮಾಡುವ ಮೊಮ್ಮಗು. ಒಂದು ಕೆಟ್ಟ ಗಳಿಗೆ ದಾಟಿಹೋದರೆ ಮನುಷ್ಯ ಬದುಕಿಕೊಳ್ಳುತ್ತಾನೆ. ಆ ಗಳಿಗೆಯಲ್ಲಿ ಕೈಗೆಟುಕುವಲ್ಲಿ ರಿವಾಲ್ವರ್ ಇದ್ದರೆ ಮರುಯೋಚನೆಗೆ ಎಡೆಯಿಲ್ಲ.

ಮಾಡಬಹುದಾದದ್ದು

ಕೋವಿ ಈಗಾಗಲೇ ಮನೆಯಲ್ಲಿದ್ದರೆ ತೋಟೆ ತುಂಬಿಸಿ ಇಡಬೇಡಿ. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ ಇರಲಿ. ಮನೆಯಲ್ಲಿ ಜಗಳವೋ ಖಿನ್ನತೆಯೋ ಕಂಡರೆ ಸ್ವಲ್ಪ ಕಾಲ ಪರವಾನಗಿ ಹೊಂದಿದ ಅಂಗಡಿಯಲ್ಲೋ ಠಾಣೆಯಲ್ಲೋ ಇಟ್ಟುಬಿಡಿ. ಪರವಾನಗಿ ತಂದೆಯ ಹೆಸರಲ್ಲಿದ್ದು ತಂದೆ ತೀರಿಕೊಂಡಿದ್ದರೆ ಅದು ತಾನಾಗಿ ಮಕ್ಕಳಿಗೆ ಬರುವುದಿಲ್ಲ. ಅಟ್ಟದ ಮೇಲೆ ಮರೆತ ಕೋವಿಯನ್ನು ಇಂದೇ ಠಾಣೆಗೆ ಒಪ್ಪಿಸಿ, ಬೇಕಿದ್ದರೆ ಹೊಸದಾಗಿ ಅರ್ಜಿ ಹಾಕಿ.

ಇಲ್ಲದವರು ಮೊದಲು ಅಂಗಳಕ್ಕೆ ಬೆಳಕು, ಬಾಗಿಲಿಗೆ ಗಟ್ಟಿ ಚಿಲಕ ಮಾಡಿಕೊಳ್ಳಲಿ. 112ಕ್ಕೆ ಕರೆಮಾಡುವುದನ್ನು ಮನೆಯ ಮಕ್ಕಳಿಗೂ ಕಲಿಸಲಿ. ವಾಳೆಯಲ್ಲಿ ಒಬ್ಬೊಂಟಿಯಾಗಿರುವ ಹಿರಿಯರು ಯಾರೆಂದು ಗುರಿಕಾರರಿಗೆ ತಿಳಿದಿರಲಿ. ದಿನಕ್ಕೊಮ್ಮೆ ಒಬ್ಬರಾದರೂ ಅವರನ್ನು ಮಾತನಾಡಿಸಲಿ. ಇಗರ್ಜಿಯ ಕಾಣಿಕೆ ಹಣವನ್ನು ಒಬ್ಬರೇ ಬ್ಯಾಂಕಿಗೆ ಒಯ್ಯದಿರಲಿ. ನಮ್ಮ ಚಿನ್ನ ಇಟ್ಟುಕೊಂಡ ಬ್ಯಾಂಕು, ಸೊಸೈಟಿಗಳಲ್ಲಿ ರಾತ್ರಿ ಕಾವಲು ಇದೆಯೇ, ಸೈರನ್ ಕೆಲಸ ಮಾಡುತ್ತದೆಯೇ ಎಂದು ಸದಸ್ಯರಾದ ನಾವು ಮಹಾಸಭೆಯಲ್ಲಿ ಎದ್ದುನಿಂತು ಕೇಳಬೇಕು.

ಜೀವಕ್ಕೆ ನಿಜವಾದ ಬೆದರಿಕೆ ಇರುವವರು ಕೆಲವರಿದ್ದಾರೆ; ಅವರಿಗೆ ಕಾನೂನಿನ ದಾರಿ ತೆರೆದಿದೆ, ಅವರು ತರಬೇತಿ ಪಡೆದು ಅದೇ ದಾರಿಯಲ್ಲಿ ನಡೆಯಲಿ. ಉಳಿದ ನಮಗೆ ರಾತ್ರಿ ಕೂಗಿದರೆ ಓಡಿಬರುವ ನೆರೆಮನೆಯವರಿಗಿಂತ ನಂಬಿಕೆಯ ರಕ್ಷಣೆ ಇನ್ನೊಂದಿಲ್ಲ. ಆ ನೆರೆಮನೆಯವರೊಂದಿಗೆ ಮಾತು ಬಿಟ್ಟಿದ್ದರೆ, ಬೇಲಿಯ ಜಗಳ ಮುಗಿಸುವುದರಿಂದಲೇ ಮನೆಯ ರಕ್ಷಣೆ ಆರಂಭವಾಗಲಿ.