ಗಾಲಿಯ ಕೆಳಗಿನ ನಿಂಬೆಹಣ್ಣು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಕಾರುಗಳಿರಲಿಲ್ಲವಾದ್ದರಿಂದ ಗಾದೆ ಅಲ್ಲಿಗೇ ನಿಂತಿತು. ಈ ಎರಡನ್ನೂ ಮಾಡಿ, ಎರಡರಿಂದಲೂ ಹೇಗೋ ಪಾರಾಗಿ ಬಂದ ನಾನು, 2021ರಲ್ಲಿ ನಿವೃತ್ತಿಯ ಹಣದ ಒಂದು ಪಾಲನ್ನು ತೆಗೆದು ಹೊಸ ಡೀಸೆಲ್ ಕಾರೊಂದನ್ನು ಕೊಂಡೆ. ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸುವ ಅಧಿಕಾರ ಈಗ ನನಗೆ ಬಂದಿದೆ ಎಂದು ಭಾವಿಸಿದ್ದೇನೆ.

ಕಾರು ಮಳಿಗೆಯಿಂದ ಹೊರಟ ದಿನ ಯಾವ ಶಾಸ್ತ್ರಕ್ಕೂ ಕೊರತೆಯಾಗಲಿಲ್ಲ. ಪುರೋಹಿತರು ಬಂದರು, ಆರತಿಯಾಯಿತು, ಹಾರ ಬಿತ್ತು. ರಟ್ಟಿನಲ್ಲಿ ಮಾಡಿದ ಮಾರುದ್ದದ ಬೀಗದ ಕೈಯೊಂದನ್ನು ನನ್ನ ಕೈಗೂ ನನ್ನ ಹೆಂಡತಿಯ ಕೈಗೂ ಕೊಟ್ಟು, ನಗಿರೆಂದು ಹೇಳಿ, ಚಿತ್ರ ತೆಗೆದರು. ಕೊನೆಗೆ ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳನ್ನಿರಿಸಿ, ಮುಂದಕ್ಕೆ ಬಿಡಿ ಸಾರ್, ಎಂದರು. ಹಣ್ಣುಗಳು ಪಚ್ಚೆಂದು ಸಿಡಿದವು. ಅಮೆರಿಕದ ಆಡುಮಾತಿನಲ್ಲಿ, ಕೊಂಡಂದಿನಿಂದ ಕೆಡುತ್ತಲೇ ಇರುವ ಕಾರಿಗೆ ‘ನಿಂಬೆಹಣ್ಣು’ ಎಂದೇ ಹೆಸರೆಂಬುದು ನನಗೆ ತಿಳಿದದ್ದು ಆಮೇಲೆ. ನಾವು ದೃಷ್ಟಿ ನಿವಾರಣೆಗೆಂದು ಗಾಲಿಯ ಕೆಳಗೆ ಇಡುವುದನ್ನು ಅವರು ಗಾಲಿಯ ಮೇಲೆಯೇ ಕಂಡರು, ಅಷ್ಟೇ ವ್ಯತ್ಯಾಸ.

ಐದನೆಯ ತಿಂಗಳಿನಲ್ಲಿ ಎದುರಿನ ಫಲಕದ ಮೇಲೆ ಕಿತ್ತಳೆ ಬಣ್ಣದ ಪುಟ್ಟ ದೀಪವೊಂದು ಹತ್ತಿಕೊಂಡಿತು. ಮಾರಾಟಗಾರರದೇ ಆದ ಸರ್ವೀಸ್ ಸೆಂಟರಿಗೆ ಹೋದೆ. ಮೆತ್ತನೆಯ ಸೋಫಾಗಳು, ಕಾಫಿ ಸುರಿಯುವ ಯಂತ್ರ, ತಣ್ಣನೆಯ ಗಾಳಿ. ಇವುಗಳ ನಡುವೆ ದೊಡ್ಡ ಗಾಜಿನ ಗೋಡೆ. ಕಾರನ್ನು ಮುಟ್ಟಿ ನೋಡುವ ಮನುಷ್ಯ ಗಾಜಿನಿಂದಾಚೆಗೆ, ನನ್ನೊಡನೆ ಮಾತನಾಡುವ ಮನುಷ್ಯ ಗಾಜಿನಿಂದೀಚೆಗೆ. ನೋಡಿದವನು ಮಾತನಾಡುವುದಿಲ್ಲ, ಮಾತನಾಡುವವನು ನೋಡಿರುವುದಿಲ್ಲ.

“ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ ಸಾರ್. ಇನ್ನು ಬರಲ್ಲ” ಎಂದ ಈಚೆಯ ಯುವಕ. ಹದಿನಾರು ದಿನಗಳ ಮೇಲೆ ದೀಪ ಮತ್ತೆ ಬಂದಿತು. ಎರಡನೆಯ ಸಲ, “ಸೆನ್ಸರ್ ಕ್ಲೀನ್ ಮಾಡಿದೀವಿ ಸಾರ್” ಎಂದ. ಮೂರನೆಯ ಸಲ ಅವನು ಸ್ವಲ್ಪ ಸಂಕೋಚದಿಂದ, “ಅದು ನಿಮ್ಮ ಡ್ರೈವಿಂಗ್ ಸ್ಟೈಲ್ ಸಾರ್” ಎಂದ. ಮೂವತ್ತು ವರ್ಷ ಮೇಷ್ಟರಾಗಿದ್ದವನಿಗೆ ಈ ಉಪಾಯ ಅಪರಿಚಿತವಲ್ಲ. ತಾವು ಹೇಳಿದ್ದು ಅರ್ಥವಾಗದಿದ್ದರೆ ಹುಡುಗನನ್ನು ದಡ್ಡನೆಂದುಬಿಡುವ ಉಪಾಧ್ಯಾಯರನ್ನು ನಾನು ಬಲ್ಲೆ. ಒಂದೆರಡು ಸಲ ನಾನೇ ಹಾಗೆ ಅಂದದ್ದೂ ಉಂಟು. ಬೆಂಚಿನ ಮೇಲೆ ನಿಂತ ಹುಡುಗನಿಗೆ ಹೇಗಾಗಿದ್ದಿರಬೇಕೆಂಬುದು ಆ ದಿನ ತಿಳಿಯಿತು. ಈ ನಡುವೆ ಬ್ಯಾಟರಿ ಸತ್ತಿತು, ಎಡಗಡೆಯ ಕಿಟಕಿಯ ಗಾಜು ಒಂದು ಮಳೆಯ ದಿನ ಇಳಿದದ್ದು ಏರಲಿಲ್ಲ, ಕ್ಲಚ್ಚು ಸುಟ್ಟಿತು. ಎರಡು ವರ್ಷಗಳಲ್ಲಿ ಹನ್ನೊಂದು ಸಲ ನಾನು ಆ ಸೋಫಾದ ಮೇಲೆ ಕುಳಿತೆ.

ಬೇಸತ್ತು ಕೊನೆಗೆ ನಾನೇ ಓದಲು ಕುಳಿತೆ. ಓದುಗರ ತಾಳ್ಮೆಯನ್ನು ಬೇಡಿ, ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ಅದಕ್ಕಾಗಿ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಜೇನುಗೂಡಿನಂಥ ಒಂದು ಶೋಧಕವನ್ನು ಕೂರಿಸಿದರು. ಬೀದಿಯ ಮಕ್ಕಳ ಶ್ವಾಸಕೋಶಕ್ಕೆ ಹೋಗಬೇಕಾದ ಮಸಿಯನ್ನು ಅದು ತಾನೇ ನುಂಗಿಕೊಳ್ಳುತ್ತದೆ. ಆದ್ದರಿಂದ ಅದನ್ನು ನಾನು ದೂರುವವನಲ್ಲ. ಆದರೆ ನುಂಗಿದ್ದನ್ನು ಅದು ಆಗಾಗ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸುಮಾರು 600 ಡಿಗ್ರಿಯ ಕಾವು ಬೇಕು. ಅಷ್ಟು ಕಾವೇರಲು ಕಾರು ಸಾಕಷ್ಟು ಹೊತ್ತು ಬಯಲು ರಸ್ತೆಯಲ್ಲಿ ಒಂದೇ ಸಮನೆ ಓಡಬೇಕು. ಶೋಧಕ ಎಷ್ಟು ತುಂಬಿದೆಯೆಂದು ಅಳೆಯಲು ಒಂದು ಒತ್ತಡಮಾಪಕವಿದೆ. ಅದಕ್ಕೆ ಗಾಳಿಯನ್ನು ಒಯ್ಯಲು ಎರಡು ಸಣ್ಣ ಕೊಳವೆಗಳಿವೆ.

ನನ್ನ ಓಡಾಟವೆಲ್ಲ ಮೈಸೂರಿನ ಒಳಗೆ, ಮನೆಯಿಂದ ಗ್ರಂಥಾಲಯಕ್ಕೆ, ಗ್ರಂಥಾಲಯದಿಂದ ಮಾರುಕಟ್ಟೆಗೆ. ದಿನಕ್ಕೆ ಆರು ಕಿಲೋಮೀಟರು ದಾಟುವುದಿಲ್ಲ. ಇಂಥವನಿಗೆ ಈ ಕಾರು ಹೇಳಿಸಿದ್ದಲ್ಲ. ಮಾರಿದವರು ಯಾವ ಬಣ್ಣ ಬೇಕೆಂದು ನನ್ನನ್ನು ನಾಲ್ಕು ಸಲ ಕೇಳಿದರು. ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ ಎಂದು ಒಂದು ಸಲವೂ ಕೇಳಲಿಲ್ಲ.

ಇಷ್ಟಾದರೂ ಇದು ಒಬ್ಬ ಮುದುಕನ ಗೊಣಗಾಟವಾಗಿಯೇ ಉಳಿಯುತ್ತಿತ್ತು. ಆದರೆ ನಡುವೆ ಅಕ್ಕನ ಕಣ್ಣಿನ ಪ್ರಸಂಗ ಬಂದಿತು. ಹಾಸನದಲ್ಲಿರುವ ನನ್ನ ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಎರಡೂ ಕಣ್ಣಿಗೆ ಪೊರೆ. ಮೈಸೂರಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆ ದಿನ ಗೊತ್ತಾಗಿತ್ತು. ಹಿಂದಿನ ದಿನವೇ ಹೋಗಿ, ಬೆಳಗ್ಗೆ ಅವಳನ್ನು ಕೂರಿಸಿಕೊಂಡು ಹೊರಟೆ. ಹೊಳೇನರಸೀಪುರ ದಾಟಿ ಕೆ.ಆರ್. ನಗರದ ಕಡೆಗೆ ಬರುತ್ತಿರುವಾಗ ಕಾರಿನ ಕಸುವು ಒಮ್ಮೆಗೇ ಇಳಿಯಿತು. ಎಷ್ಟು ಒತ್ತಿದರೂ ನಲವತ್ತರ ಮೇಲೆ ಓಡದು. ಕಿತ್ತಳೆ ದೀಪದ ಪಕ್ಕದಲ್ಲಿ ಇನ್ನೊಂದು ದೀಪ ಮಿನುಗತೊಡಗಿತು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ನನ್ನ ಕರೆ ಅವರಿಗೆ ಬಹಳ ಅಮೂಲ್ಯವೆಂದು ಒಂದು ಹೆಣ್ಣುಧ್ವನಿ ಇಪ್ಪತ್ತು ನಿಮಿಷ ಹೇಳುತ್ತಲೇ ಇತ್ತು.

ರಸ್ತೆಯ ಬದಿಯಲ್ಲಿ, ಹುಣಿಸೆಮರದ ಕೆಳಗೆ, ತಗಡಿನ ಒಂದು ಷೆಡ್ಡು. ಟ್ರ್ಯಾಕ್ಟರೊಂದರ ಅಡಿಯಿಂದ ವಯಸ್ಸಾದ ಮೆಕ್ಯಾನಿಕ್ ಎದ್ದುಬಂದ. ಬಾನೆಟ್ಟನ್ನು ಎತ್ತಿಸಿ, ಎಂಜಿನ್ನನ್ನು ಓಡಿಸಲು ಹೇಳಿ, ವೈದ್ಯರು ಎದೆ ಕೇಳುವಂತೆ ತಲೆ ಬಾಗಿಸಿ ಕೇಳಿದ. ಅಲ್ಲಿ ಇಲ್ಲಿ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದ.

“ಈ ಪೈಪು ಬಿರುಕು ಬಿಟ್ಟದೆ ಸಾರ್. ಇವತ್ತಿಂದಲ್ಲ ಇದು, ಎಷ್ಟೋ ದಿನದ್ದು. ನೋಡಿ, ನೀವೇ ಮುಟ್ಟಿ ನೋಡಿ.”

ಮುಟ್ಟಿ ನೋಡಿದೆ. ಒತ್ತಡಮಾಪಕಕ್ಕೆ ಹೋಗುವ ಕೊಳವೆ. ತುದಿಯಲ್ಲಿ ಉಗುರಿನುದ್ದದ ಬಿರುಕು. ಸೋರುವ ಕೊಳವೆಯಿಂದ ಸುಳ್ಳು ಲೆಕ್ಕ ಹೋಗುತ್ತಿತ್ತು. ಲೆಕ್ಕ ತಪ್ಪಿದ್ದರಿಂದ ಮಸಿ ಸುಡುವ ಕೆಲಸವೇ ನಡೆದಿರಲಿಲ್ಲ. ಹನ್ನೊಂದು ಭೇಟಿಗಳಲ್ಲಿ ಯಾರ ಬೆರಳೂ ಅಲ್ಲಿಗೆ ಹೋಗಿರಲಿಲ್ಲ. ಅವನು ಬಿರುಕಿನ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಕೂರಿಸಿ, ಬಿಗಿದ. ಐವತ್ತು ರೂಪಾಯಿ ಕೇಳಿದ. ದೀಪ ಆರಲಿಲ್ಲವಲ್ಲ ಎಂದೆ.

“ಅದು ನನ್ ಕೈಲಿ ಆಗಲ್ಲ ಸಾರ್. ಅದ್ಕೆ ಕಂಪ್ನಿಯೋರ ಮಿಷನ್ನೇ ಬೇಕು. ಗೊತ್ತಿಲ್ದಿದ್ ಕೆಲಸಕ್ಕೆ ನಾನು ಕೈ ಹಾಕಲ್ಲ.”

ನನ್ನಿಂದ ಆಗುವುದಿಲ್ಲ ಎಂಬ ಮಾತನ್ನು ಈ ಕಾರಿನ ಸಂಬಂಧವಾಗಿ ನಾನು ಕೇಳಿದ್ದು ಅದೇ ಮೊದಲು. ಎರಡು ವರ್ಷ ತಡಕಿದರೂ ಸಿಗದಿದ್ದ ಒಂದು ವಸ್ತು ಆ ಮಾತಿನಲ್ಲಿ ನನಗೆ ಸಿಕ್ಕಿತು. ಕುಂಟುತ್ತ ಕುಂಟುತ್ತ ನಾವು ಮೈಸೂರು ಸೇರುವ ಹೊತ್ತಿಗೆ ವೈದ್ಯರು ಹೊರಟುಹೋಗಿದ್ದರು. ಅಕ್ಕ ಒಂದು ಮಾತೂ ಆಡದೆ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಕಣ್ಣಿಗೆ ಸೆರಗನ್ನು ಒತ್ತಿಕೊಂಡಳು. ಅವಳು ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಸರ್ವೀಸ್ ಸೆಂಟರಿನಲ್ಲಿ ಹೊಸ ತೀರ್ಪು ಬಂದಿತು. “ಹೊರಗಿನವರು ಕೈ ಹಾಕಿದಾರೆ ಸಾರ್. ವಾರಂಟಿ ಬರಲ್ಲ. ಫಿಲ್ಟರ್ ಪೂರ್ತಿ ಬದಲಾಯಿಸಬೇಕು.” ಬೆಲೆ ಲಕ್ಷ ರೂಪಾಯಿಯ ಆಸುಪಾಸು. ಎರಡು ವರ್ಷ ನೋಡದವರು ಅಪರಾಧಿಗಳಲ್ಲ; ಹತ್ತು ನಿಮಿಷ ನೋಡಿದವನು ಅಪರಾಧಿ!

ನಮ್ಮ ತಂದೆ ಸಂಕ್ರಾಂತಿಯ ಸುಮಾರಿಗೆ ಕಾವೇರಿ ದಂಡೆಯ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗುತ್ತಿದ್ದುದು ನನಗೆ ನೆನಪಿದೆ. ಎತ್ತಿನ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು. ಬೆಲೆಯನ್ನು ಮಾತ್ರ ಟವಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಿದ್ದರು. ಬೆಲೆ ಗುಟ್ಟು, ಎತ್ತು ಬಯಲು. ಈಗ ಎಲ್ಲವೂ ತಿರುಗುಮುರುಗಾಗಿದೆ. ಬೆಲೆಯನ್ನು ಗಾಜಿನ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಎತ್ತು ಟವಲಿನ ಕೆಳಗಿದೆ.

ಜಾರ್ಜ್ ಅಕೆರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದೇ ನಿಂಬೆಹಣ್ಣುಗಳ ಸಂತೆಯನ್ನು ಕುರಿತು ಒಂದು ಲೇಖನ ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಹಳೆಯ ಕಾರುಗಳ ಸಂತೆಯಲ್ಲಿ ಮಾರುವವನಿಗೆ ದೋಷ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ, ಕೊಳ್ಳುವವನು ಎಲ್ಲಕ್ಕೂ ನಡುಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆ ಗಿಟ್ಟದೆ ಒಳ್ಳೆಯ ಕಾರುಗಳು ಸಂತೆಯಿಂದಲೇ ಹೊರಟುಹೋಗುತ್ತವೆ ಎಂಬುದು ಅವರ ವಾದದ ಸಾರ. ರಿಪೇರಿಗೂ ಇದೇ ನ್ಯಾಯವೆಂದು ನನಗೆ ತೋರುತ್ತದೆ. ಕೆಟ್ಟದ್ದೇನು, ಸರಿಪಡಿಸಿದ್ದೇನು ಎಂಬುದು ಒಡೆಯನಿಗೆ ಕಾಣದಂತಾದರೆ ಪ್ರಾಮಾಣಿಕ ರಿಪೇರಿಗೆ ಬೆಲೆಯಿಲ್ಲ. ಹುಣಿಸೆಮರದ ಕೆಳಗಿನ ಮನುಷ್ಯ ಒಂದು ದಿನ ಷೆಡ್ಡನ್ನು ಮುಚ್ಚಿಕೊಂಡು ಹೋಗುತ್ತಾನೆ. ನನಗೆ ಕಾರಿಗಿಂತ ಹೆಚ್ಚಾಗಿ ಹೆದರಿಕೆಯಾಗುವುದು ಇದಕ್ಕೆ.

ಕಾನೂನು ನಮ್ಮ ಕಡೆಗಿಲ್ಲವೆಂದು ಹೇಳಲಾಗದು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ 1982ರಲ್ಲಿ ಆದಂತೆ, ಪದೇ ಪದೇ ಕೆಡುವ ಹೊಸ ಕಾರನ್ನು ಹಿಂದಕ್ಕೆ ಪಡೆಯಲೇಬೇಕೆನ್ನುವ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ, ನಿಜ. ಆದರೆ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆ, ತಿಳಿಸಬೇಕಾದ ಸಂಗತಿಯನ್ನು ಬೇಕೆಂದೇ ಬಚ್ಚಿಡುವುದನ್ನೂ ಸೇವೆಯ ನ್ಯೂನತೆ ಎಂದು ಕರೆಯುತ್ತದೆ. ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ವಕೀಲರಿಲ್ಲದೆ ತಾವೇ ವಾದಿಸಬಹುದು. 2014ರಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳೂ ರಿಪೇರಿಯ ವಿವರಗಳೂ ಹೊರಗಿನ ಮೆಕ್ಯಾನಿಕ್ಕುಗಳ ಕೈಗೆ ಸಿಗದಂತೆ ಮಾಡಿದ್ದು ಕಾರಣ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿಯೇ ರದ್ದು ಎಂಬ ಸಾರಾಸಗಟು ನಿಬಂಧನೆ ಹಾಕಕೂಡದೆಂದೂ ಅದು ಹೇಳಿತು. ಆ ಆದೇಶ ಮೇಲ್ಮನವಿಗಳ ದಾರಿ ಹಿಡಿಯಿತು; ಅದರ ನ್ಯಾಯ ಮಾತ್ರ ಹಳ್ಳಿಯ ಮಗುವಿಗೂ ಅರ್ಥವಾಗುವಂಥದು.

ಇವನ್ನೆಲ್ಲ ಒಂದು ಕಾಗದದಲ್ಲಿ ಬರೆದು ಕಂಪನಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ. ಹತ್ತೊಂಬತ್ತು ದಿನಗಳ ಮೇಲೆ ಉತ್ತರ ಬಂದಿತು. ಶೋಧಕವನ್ನೂ ಕೊಳವೆಯನ್ನೂ ಹಣ ಪಡೆಯದೆ ಬದಲಾಯಿಸಿಕೊಡುವರಂತೆ. ಆದರೆ ತಪ್ಪೆಂದು ಒಪ್ಪಿ ಅಲ್ಲ, ‘ಗುಡ್‌ವಿಲ್’ ಎಂಬ ಲೆಕ್ಕದಲ್ಲಿ. ನಾನು ಕೇಳಿದ್ದು ಸತ್ಯವನ್ನು. ಅವರು ಕೊಟ್ಟದ್ದು ಭಿಕ್ಷೆಯನ್ನು. ತೆಗೆದುಕೊಂಡೆ. ಲಕ್ಷ ರೂಪಾಯಿಯ ಭಿಕ್ಷೆಯನ್ನು ನಿರಾಕರಿಸುವಷ್ಟು ಪೆನ್ಷನ್ನು ನನಗಿಲ್ಲ.

ಗಾಜಿನಿಂದೀಚೆಯ ಆ ಯುವಕನ ಮೇಲೆ ನನಗೆ ಕೋಪವಿಲ್ಲ. ನೋಡದ ಕಾರಿನ ಬಗ್ಗೆ ದಿನವಿಡೀ ಮಾತನಾಡುವ ಕೆಲಸಕ್ಕೆ ಅವನನ್ನು ಹಚ್ಚಿದ್ದಾರೆ. ಯಂತ್ರ ಕೆಡುತ್ತದೆ, ಮನುಷ್ಯನ ಕೈಯಲ್ಲಿ ಹುಟ್ಟಿದ್ದಕ್ಕೆ ಅದು ಸಹಜ. ನನ್ನ ದೂರು, ಕೆಟ್ಟಿದೆ ಎಂಬ ಎರಡು ಮಾತನ್ನು ಹೇಳುವವರೇ ಇಲ್ಲದ ಏರ್ಪಾಡಿನ ಮೇಲೆ. ಆದ್ದರಿಂದ ಕಾರುಳ್ಳ ಓದುಗರಲ್ಲಿ ಮೂರು ವಿನಂತಿಗಳು. ಜಾಬ್ ಕಾರ್ಡಿನ ಮೇಲೆ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಪಡೆಯಿರಿ. ತೆಗೆದುಹಾಕಿದ ಭಾಗವನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ. ಕಾರನ್ನು ಮುಟ್ಟಿದ ಮನುಷ್ಯನೊಡನೆ ಮಾತನಾಡಬೇಕೆಂದು ಸೌಜನ್ಯದಿಂದಲೇ ಹಟಹಿಡಿಯಿರಿ. ಗಾಜಿನ ಗೋಡೆಗೆ ಒಂದು ಬಾಗಿಲಿದ್ದೇ ಇರುತ್ತದೆ.

ಅಕ್ಕನ ಶಸ್ತ್ರಕ್ರಿಯೆ ಒಂಬತ್ತು ದಿನ ತಡವಾಗಿ ಆಯಿತು. ಅವಳು ಹಾಸನದಿಂದ ಬಂದದ್ದು ಸರ್ಕಾರಿ ಬಸ್ಸಿನಲ್ಲಿ. ತಿಂಗಳು ಕಳೆದ ಮೇಲೆ, ಹೊಸ ಶೋಧಕ ಹಾಕಿಸಿಕೊಂಡ ಅದೇ ಕಾರಿನಲ್ಲಿ ಅವಳನ್ನು ಊರಿಗೆ ಬಿಡಲು ಹೊರಟೆ. ಇಲವಾಲ ದಾಟಿತ್ತು. ಪಕ್ಕದಲ್ಲಿ ಕುಳಿತಿದ್ದ ಅವಳು ಹೊಸ ಕಣ್ಣುಗಳಿಂದ ಹೊಲಗಳನ್ನೂ ಹಸುಗಳನ್ನೂ ನೋಡಿ ಹಿಗ್ಗುತ್ತ, ಆಮೇಲೆ ನನ್ನ ಕಡೆ ಬಾಗಿ, ಎದುರಿನ ಫಲಕವನ್ನು ದಿಟ್ಟಿಸಿದಳು.

“ಈಗ ಎಷ್ಟು ಚೆನ್ನಾಗಿ ಕಾಣುತ್ತೆ ಕಣೋ” ಎಂದಳು. “ಅಲ್ಲೊಂದು ಕಿತ್ತಳೆ ದೀಪ ಹತ್ತಿದೆಯಲ್ಲ, ಅದೇನು?”