ಸೋತ ರಾತ್ರಿ ಕಲ್ಲು ಯಾರ ಮನೆಗೆ?

2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ತಂಡ ಪಾಕಿಸ್ತಾನದ ಎದುರು 10 ವಿಕೆಟ್‌ಗಳಿಂದ ಸೋತಿತು. ನಮ್ಮ ಬೌಲರ್‌ಗಳಲ್ಲಿ ಒಬ್ಬರಿಗೂ ಒಂದು ವಿಕೆಟ್ ದಕ್ಕಲಿಲ್ಲ. ಅದಕ್ಕೆ ಮೊದಲು ರೋಹಿತ್ ಶರ್ಮಾ ಎದುರಿಸಿದ ಮೊದಲ ಚೆಂಡಿಗೇ ಔಟಾಗಿದ್ದರು, ನಮ್ಮ ಕೆ.ಎಲ್. ರಾಹುಲ್ 3 ರನ್ನಿಗೆ. ಹನ್ನೊಂದು ಜನ ಸೇರಿ ಸೋತ ಪಂದ್ಯ ಅದು. ಬೈಗುಳ ಮಾತ್ರ ಮೊಹಮ್ಮದ್ ಶಮಿಯೊಬ್ಬರ ಪಾಲಾಯಿತು. ಅವರ ಲೈನ್, ಲೆಂಗ್ತ್ ಯಾರಿಗೂ ಬೇಕಿರಲಿಲ್ಲ, ಅವರ ಧರ್ಮ ಬೇಕಿತ್ತು. ಶಮಿಯ ಪರವಾಗಿ ಮಾತಾಡಿದ ನಾಯಕ ವಿರಾಟ್ ಕೊಹ್ಲಿಯ ವರ್ಷ ತುಂಬದ ಮಗಳಿಗೆ ಅತ್ಯಾಚಾರದ ಬೆದರಿಕೆ ಹಾಕಿದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದೇ ದುಬೈಯಲ್ಲಿ, ಅದೇ ಪಾಕಿಸ್ತಾನದ ಎದುರು ಅರ್ಷದೀಪ್ ಸಿಂಗ್ ಕೈಯಿಂದ ಒಂದು ಕ್ಯಾಚ್ ಜಾರಿತು. ಬೆಳಗಾಗುವುದರೊಳಗೆ ಆ ಇಪ್ಪತ್ತಮೂರರ ಹುಡುಗ ಖಲಿಸ್ತಾನಿಯಾಗಿಬಿಟ್ಟಿದ್ದ.

ಇದನ್ನು ಅಭಿಮಾನದ ಅತಿರೇಕ ಎಂದು ಸಮಾಧಾನ ಹೇಳಿಕೊಳ್ಳುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ, ಕೊಟ್ಟೂರಿನಿಂದ ಹಡಗಲಿವರೆಗೆ ಯಾವ ಹೋಟೆಲಿನ ಕಟ್ಟೆಯ ಮೇಲೆ ಕೂತರೂ ಈ ಮಾತು ಕೇಳಬಹುದು: ಪ್ರೀತಿ ಇದ್ದಲ್ಲೇ ಸಿಟ್ಟು ಬರುತ್ತದೆ, ಕೋಟಿಗಟ್ಟಲೆ ತಗೊಳ್ತಾರೆ, ಬೈಸಿಕೊಳ್ಳಲಿ ಬಿಡಿ. ಇದನ್ನು ನಾನು ಒಪ್ಪುವುದಿಲ್ಲ. ಪ್ರೀತಿಯ ಸಿಟ್ಟಾದರೆ ಅದು ಹನ್ನೊಂದು ಜನರ ಮೇಲೂ ಸಮನಾಗಿ ಬೀಳಬೇಕಿತ್ತು. ಹೆಸರು ನೋಡಿ, ಪೇಟ ನೋಡಿ ಬೀಳುವ ಸಿಟ್ಟು ಪಂದ್ಯಕ್ಕೆ ಮೊದಲೇ ಒಳಗಿತ್ತು. ಹೊರಬರಲು ಸೋಲೊಂದು ಬೇಕಿತ್ತು, ಅಷ್ಟೆ.

ಸೋತವರ ಮನೆಗೆ ಕಲ್ಲು ಹೊಡೆಯುವ ಚಾಳಿ ಹೊಸದಲ್ಲ, ಮೊಬೈಲು ತಂದದ್ದೂ ಅಲ್ಲ. 1971ರಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಮೊದಲ ಸರಣಿ ಗೆಲ್ಲಿಸಿಕೊಟ್ಟಾಗ ನಾಯಕ ಅಜಿತ್ ವಾಡೇಕರರನ್ನು ದೇಶವೇ ಮೆರೆಸಿತು. ಮೂರು ವರ್ಷ ಕಳೆದು ಲಾರ್ಡ್ಸ್‌ನಲ್ಲಿ ತಂಡ 42ಕ್ಕೆ ಆಲೌಟಾಗಿ ಸರಣಿ 3–0ಯಿಂದ ಸೋತಾಗ ಅದೇ ವಾಡೇಕರರ ಮುಂಬೈ ಮನೆಗೆ ಕಲ್ಲು ಬಿತ್ತು. 1996ರ ಮಾರ್ಚ್ 9ರಂದು ಬೆಂಗಳೂರಿನ ಕ್ವಾರ್ಟರ್ ಫೈನಲ್‌ನಲ್ಲಿ ಪಾಕಿಸ್ತಾನ ಸೋತಿತು. ಗಾಯಗೊಂಡು ಆ ಪಂದ್ಯ ಆಡದ ವಸೀಂ ಅಕ್ರಂ ಮನೆಯ ಮೇಲೆ ಲಾಹೋರಿನಲ್ಲಿ ಕಲ್ಲು ತೂರಿದರು. ಅವರನ್ನು ನೋಡಿ ನಗುತ್ತಿದ್ದ ನಾವು ನಾಲ್ಕೇ ದಿನಕ್ಕೆ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಬಾಟಲಿ ಎಸೆದು, ಬೆಂಕಿ ಹಚ್ಚಿ, ಸೆಮಿಫೈನಲನ್ನೇ ನಿಲ್ಲಿಸಿದೆವು. 8 ವಿಕೆಟಿಗೆ 120 ಆಗಿದ್ದಾಗ ರೆಫರಿ ಕ್ಲೈವ್ ಲಾಯ್ಡ್ ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟರು. 2007ರಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೆ ಸೋತಾಗ ರಾಂಚಿಯಲ್ಲಿ ಕಟ್ಟುತ್ತಿದ್ದ ಧೋನಿ ಮನೆಗೆ ನುಗ್ಗಿದರು. ಈ ಕಲ್ಲು, ಈ ಬೆಂಕಿಯಿಂದ ಯಾರ ಬ್ಯಾಟಿಂಗ್ ಸುಧಾರಿಸಿತು?

ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ ವಾದ: ನಿಜವಾದ ಅಭಿಮಾನಿ ಸೋತಾಗ ಬಾಯಿ ಮುಚ್ಚಿಕೊಂಡು ತಂಡದ ಜೊತೆ ನಿಲ್ಲಬೇಕು, ಟೀಕಿಸುವುದೇ ದ್ರೋಹ. ಇದೂ ಅಷ್ಟೇ ತಪ್ಪು. 2024ರ ಅಕ್ಟೋಬರ್‌ನಲ್ಲಿ ನಮ್ಮದೇ ಚಿನ್ನಸ್ವಾಮಿಯಲ್ಲಿ ಭಾರತ 46ಕ್ಕೆ ಆಲೌಟಾಯಿತು. ಮೋಡ ಕವಿದ ದಿನ ಟಾಸ್ ಗೆದ್ದು ಬ್ಯಾಟಿಂಗ್ ಏಕೆ ಆರಿಸಿಕೊಂಡಿರಿ ಎಂದು ಕೇಳಲೇಬೇಕು. ಪುಣೆ, ಮುಂಬೈಗಳಲ್ಲಿ ಚೆಂಡು ತಿರುಗುವ ಪಿಚ್‌ಗಳ ಮೇಲೆ ಆಡಿದೆವು, ನ್ಯೂಜಿಲೆಂಡ್ ಸ್ಪಿನ್ನರ್‌ಗಳ ಕೈಗೇ ಸಿಕ್ಕಿಬಿದ್ದು 3–0 ಸೋತೆವು. ಒಂದು ವರ್ಷ ಕಳೆಯಿತು, ಕೋಲ್ಕತ್ತದಲ್ಲಿ ಮತ್ತೆ ಅಂಥದೇ ಪಿಚ್. 124 ರನ್ ಬೆನ್ನಟ್ಟಲಾಗದೆ ದಕ್ಷಿಣ ಆಫ್ರಿಕಾದ ಎದುರು ಮಗುಚಿದೆವು. ಇಂಥದೇ ಪಿಚ್ ನಮಗೆ ಬೇಕಿತ್ತು ಎಂದು ಕೋಚ್ ಗೌತಮ್ ಗಂಭೀರ್ ಪತ್ರಕರ್ತರಿಗೆ ಹೇಳಿದರು. ಹಾಗಾದರೆ ಆ ತೀರ್ಮಾನ ಯಾರದು, ಹೊಣೆ ಯಾರದು? ಮುಂದೆ ಗುವಾಹಟಿಯಲ್ಲಿ 408 ರನ್ನುಗಳ ಸೋಲು. ಇಷ್ಟಾದ ಮೇಲೂ ಸುಮ್ಮನಿರಿ ಎನ್ನುವುದು ಅಭಿಮಾನಿಯನ್ನು ಚಪ್ಪಾಳೆ ಹೊಡೆಯುವ ಗೊಂಬೆ ಮಾಡಿದಂತೆ.

ಟೀಕಿಸುವುದು ಹೇಗೆಂದು ಕನ್ನಡಿಗರಿಗೆ ಹೊರಗಿನವರು ಕಲಿಸಬೇಕಿಲ್ಲ. 2023ರ ಫೆಬ್ರವರಿಯಲ್ಲಿ ಮಾಜಿ ವೇಗದ ಬೌಲರ್ ವೆಂಕಟೇಶ್ ಪ್ರಸಾದ್ ತಮ್ಮದೇ ರಾಜ್ಯದ ಕೆ.ಎಲ್. ರಾಹುಲ್ ಆಯ್ಕೆಯನ್ನು ಬಹಿರಂಗವಾಗಿ ಪ್ರಶ್ನಿಸಿದರು. 46 ಟೆಸ್ಟ್ ಆಡಿಯೂ ಸರಾಸರಿ 34ರ ಆಸುಪಾಸು, ಕಾದು ಕೂತವರು ಇಂಥವರು, ಅವರಿಗೆ ಏಕೆ ಅವಕಾಶವಿಲ್ಲ ಎಂದು ಅಂಕಿಅಂಶ ಮುಂದಿಟ್ಟರು. ಕೆಲವರಿಗೆ ಅದು ಕಟುವೆನಿಸಿತು, ನನಗೂ ಕೆಲವು ಮಾತು ಬಿರುಸೆನಿಸಿತು. ಆದರೆ ಅವರು ಮಾತಾಡಿದ್ದು ರನ್ನಿನ ಬಗ್ಗೆ. ರಾಹುಲ್ ಹೆಂಡತಿಯ ಬಗ್ಗೆ, ಮನೆಯ ಬಗ್ಗೆ ಒಂದಕ್ಷರ ಆಡಲಿಲ್ಲ. ಉತ್ತರ ಕೊಡಲು ರಾಹುಲ್‌ಗೆ ಬ್ಯಾಟ್ ಇತ್ತು. ಅಪ್ಪ ಅಮ್ಮನನ್ನು, ಧರ್ಮವನ್ನು ಎಳೆದು ತಂದರೆ ಯಾವ ಬ್ಯಾಟಿನಿಂದ ಉತ್ತರ ಕೊಡಲಾದೀತು?

ನಮ್ಮ ಊರುಗಳಲ್ಲಿ ಸೋಲಿನ ಸಿಟ್ಟಿಗೆ ಇನ್ನೊಂದು ಬೇರಿದೆ. ಅದರ ಹೆಸರು ಬೆಟ್ಟಿಂಗ್. ಸೋತ ರಾತ್ರಿ "ರೊಕ್ಕ ತಿಂದಾರ, ಬೇಕಂತನ ಸೋತಾರ" ಎಂದು ಎಲ್ಲರಿಗಿಂತ ಜೋರಾಗಿ ಕೂಗುವವನನ್ನು ಒಂದು ಗಳಿಗೆ ಪಕ್ಕಕ್ಕೆ ಕರೆದು ಕೇಳಿ, ಅವನದೇ ರೊಕ್ಕ ಹೋಗಿರುತ್ತದೆ. ಹಗರಿಬೊಮ್ಮನಹಳ್ಳಿಯ ಒಂದು ಮೊಬೈಲ್ ಅಂಗಡಿಯಲ್ಲಿ ನಾನೇ ಕಂಡಿದ್ದೇನೆ. ಗಾಜಿನ ಕಪಾಟಿನ ಕೆಳಗಿನ ಅರೆಯಲ್ಲಿ ಅಡವಿಟ್ಟ ಫೋನುಗಳು, ಒಂದೊಂದರ ಹಿಂದೆ ಬಿಳಿ ಪ್ಲಾಸ್ಟರ್, ಪ್ಲಾಸ್ಟರಿನ ಮೇಲೆ ಹೆಸರು, ಊರು, ಕೊಟ್ಟ ದುಡ್ಡು. ದೊಡ್ಡ ಪಂದ್ಯದ ಮರುದಿನ ಆ ಅರೆ ತುಂಬುತ್ತದೆ ಎಂದ ಅಂಗಡಿಯವ. ಮೆಕ್ಕೆಜೋಳ ಮಾರಿದ ದುಡ್ಡು, ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ತಂದ ದುಡ್ಡು ಹೀಗೆ ಕರಗಿ ಹೋಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿತು. ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ಹೊರಟುಹೋಯಿತು. ಅಲ್ಲಿಯವರೆಗೆ ಪಣಕ್ಕೆ ಹುಡುಗರನ್ನು ಕರೆದದ್ದು ದೇಶದ ಅಂಗಿಯೇ ಎಂಬುದನ್ನು ಮರೆಯಬಾರದು. ಪಣ ಕಟ್ಟಿ ಕಳೆದುಕೊಂಡವನ ನೋವು ನನಗೆ ಅರ್ಥವಾಗುತ್ತದೆ, ಅವನ ಮನೆಯವರ ನೋವು ಇನ್ನೂ ಹೆಚ್ಚು ಅರ್ಥವಾಗುತ್ತದೆ. ಆದರೆ ಆ ನೋವನ್ನು ದೇಶಪ್ರೇಮ ಎಂದು ಕರೆದು ಶಮಿಯ ತಲೆಗೆ ಕಟ್ಟುವುದನ್ನು ಒಪ್ಪಲಾರೆ.

ಆ ದೇಶಪ್ರೇಮ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನೂ ನೋಡಬೇಕು. 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಭಾರತ 180 ರನ್ನಿನಿಂದ ಸೋತಿತು. ಪಾಕಿಸ್ತಾನದ ಗೆಲುವಿಗೆ ಪಟಾಕಿ ಹೊಡೆದರೆಂದು ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಮೋಹದ್ ಗ್ರಾಮದ ಬಡ ಮುಸ್ಲಿಮರನ್ನು ಪೊಲೀಸರು ದೇಶದ್ರೋಹದ ಆರೋಪದಲ್ಲಿ ಹಿಡಿದು ಜೈಲಿಗಟ್ಟಿದರು. ಕೋರ್ಟು ಅವರನ್ನು ನಿರ್ದೋಷಿಗಳೆಂದು ಬಿಟ್ಟದ್ದು 2023ರಲ್ಲಿ. ಆಡದ ಪಂದ್ಯದ ಸೋಲಿಗೆ ಒಂದು ಊರು ಆರು ವರ್ಷ ಕೋರ್ಟಿಗೆ ಅಲೆಯಿತು. ಕರ್ನಾಟಕ ಇದರಿಂದ ಹೊರಗಿದೆ ಎಂದುಕೊಳ್ಳುವಂತಿಲ್ಲ. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಅಲ್ಲಿ ಭಾರತ ಸೋತಿರಲಿಲ್ಲ, ಆದರೆ ಪಾಕಿಸ್ತಾನದ ಪರ ಕೂಗಿದನೆಂಬ ಆರೋಪವೇ ಗುಂಪಿಗೆ ನೆಪವಾಯಿತು. ಚೆಂಡು ಬ್ಯಾಟಿನ ಮೈದಾನದಲ್ಲಿ ನಿಷ್ಠೆಯ ಪರೀಕ್ಷೆ ಶುರುವಾದರೆ ಅದು ಟೀವಿ ಮುಂದೆ ನಿಲ್ಲುವುದಿಲ್ಲ.

ಆರ್‌ಸಿಬಿ ಅಭಿಮಾನಿಗಳಾದ ನಾವು ಸೋಲು ಉಂಡು ಬೆಳೆದವರು. 2009, 2011, 2016, ಮೂರು ಫೈನಲ್ ಸೋತರೂ "ಈ ಸಲ ಕಪ್ ನಮ್ದೇ" ಎನ್ನುತ್ತಲೇ 2025ರವರೆಗೆ ಕಾದೆವು. ಆ ತಾಳ್ಮೆಯ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ 2023ರ ಮೇ ತಿಂಗಳಲ್ಲಿ ಶುಭ್‌ಮನ್ ಗಿಲ್ ಶತಕ ಹೊಡೆದು ಆರ್‌ಸಿಬಿಯನ್ನು ಹೊರಗಟ್ಟಿದಾಗ ಅವರ ಸಹೋದರಿಯನ್ನು ಹೊಲಸು ಮಾತಲ್ಲಿ ಬೈದವರು ಇದೇ ಕೆಂಪು ಅಂಗಿಯವರು. ಅದನ್ನು ಮುಚ್ಚಿಟ್ಟು ನಮ್ಮ ಅಭಿಮಾನವನ್ನು ಕೊಂಡಾಡಿಕೊಳ್ಳುವುದು ನ್ಯಾಯವಲ್ಲ.

ಸೋಲನ್ನು ಎದೆಯೆತ್ತಿ ಒಪ್ಪಿಕೊಂಡ ಹಿರಿಯರೂ ನಮ್ಮಲ್ಲೇ ಇದ್ದಾರೆ. 1980ರ ಫೆಬ್ರವರಿ, ವಾಂಖೆಡೆ, ಬಿಸಿಸಿಐ ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಆಮೇಲೆ ಬಂದ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಸ್ಲಿಪ್‌ನಲ್ಲಿದ್ದ ನಾಯಕ, ಭದ್ರಾವತಿಯ ಗುಂಡಪ್ಪ ವಿಶ್ವನಾಥ್, ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಮನವಿ ಹಿಂಪಡೆದು ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಇಯಾನ್ ಬೋಥಂ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿ ಆಡಿದ್ದೇ ಎರಡು ಟೆಸ್ಟ್. ಇಂದಿಗೂ ಅವರ ಹೆಸರೆತ್ತಿದರೆ ಹಳಬರು ಸ್ಕ್ವೇರ್ ಕಟ್ ಜೊತೆಗೇ ಹೇಳುವುದು ಈ ಸೋತ ಪಂದ್ಯದ ಕತೆ.

ನೋಡುವವರೂ ಹಾಗೆ ನಡೆದುಕೊಂಡದ್ದುಂಟು. 1999ರ ಜನವರಿ 31ರಂದು ಚೆನ್ನೈಯಲ್ಲಿ ಸಚಿನ್ ತೆಂಡೂಲ್ಕರ್ ಬೆನ್ನುನೋವಿನಲ್ಲೇ 136 ಹೊಡೆದು ಔಟಾದ ಮೇಲೆ ಭಾರತ ಬರೀ 12 ರನ್ನಿನಿಂದ ಪಾಕಿಸ್ತಾನಕ್ಕೆ ಸೋತಿತು. ಚೆಪಾಕ್‌ನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪಾಕಿಸ್ತಾನದ ಆಟಗಾರರು ಮೈದಾನಕ್ಕೊಂದು ಸುತ್ತು ಬಂದರು. ಅದು ಕಾರ್ಗಿಲ್‌ಗೆ ಕೆಲವೇ ತಿಂಗಳ ಹಿಂದಿನ ಮಾತು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಟ್ರಾವಿಸ್ ಹೆಡ್ 137 ಹೊಡೆದು ವಿಶ್ವಕಪ್ ಕಿತ್ತುಕೊಂಡಾಗ, ಪ್ಯಾಟ್ ಕಮಿನ್ಸ್ ಕಪ್ ಎತ್ತುವ ಹೊತ್ತಿಗೆ, ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಕ್ರೀಡಾಂಗಣದ ಕುರ್ಚಿಗಳು ಬಹುಪಾಲು ಖಾಲಿ. ಹೆಡ್‌ರ ಹೆಂಡತಿ, ಮಗುವಿಗೂ ಬೈಗುಳ ಬಿತ್ತು. ಚೆಪಾಕ್‌ನವರಿಗೆ ದೇಶ ಬೇಡವಾಗಿತ್ತೇ? ಅವರು ಆಟ ಬಲ್ಲವರಾಗಿದ್ದರು.

ಈಗ ಸಿಟ್ಟಿಗೆ ಸರಿಯಾದ ವಿಳಾಸ ಹುಡುಕೋಣ. ನಮ್ಮ ತಾಲ್ಲೂಕುಗಳವರಿಗೆ ಇದು ಬರದ ವಿದ್ಯೆಯಲ್ಲ. 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಮುಂದೆ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನ ಬಂದಾಗ ತಾಲ್ಲೂಕು ಹೊರಗುಳಿಯಿತು. ಜನ ಧರಣಿ ಕೂತರು, ಬಂದ್ ಮಾಡಿದರು, ಮನವಿ ಮೇಲೆ ಮನವಿ ಬರೆದರು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಯಾರನ್ನು ಕೇಳಬೇಕೋ ಅವರನ್ನೇ ಬಿಡದೆ ಕೇಳಿದ್ದರಿಂದ ಅದು ದಕ್ಕಿತು. ಕ್ರಿಕೆಟ್ಟಿಗೂ ಹಾಗೆ ಕೇಳೋಣ. ಬಿಸಿಸಿಐಯನ್ನು ಮಾಹಿತಿ ಹಕ್ಕಿನ ವ್ಯಾಪ್ತಿಗೆ ತರಬೇಕೆಂದು ಕಾನೂನು ಆಯೋಗ 2018ರಲ್ಲೇ ಶಿಫಾರಸು ಮಾಡಿತ್ತು. 2025ರ ಕ್ರೀಡಾ ಆಡಳಿತ ಕಾಯ್ದೆ ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಿಗೆ ಮಾತ್ರ ಆ ಹಕ್ಕನ್ನು ಅನ್ವಯಿಸಿ ಬಿಸಿಸಿಐಯನ್ನು ಮತ್ತೆ ಹೊರಗೇ ಉಳಿಸಿತು. ಭಾರತದ ಹೆಸರಲ್ಲಿ ತಂಡ ಕಟ್ಟುವವರು ಆಯ್ಕೆಯ ಕಾರಣ ಹೇಳಬೇಕಿಲ್ಲ ಎಂಬ ಈ ವ್ಯವಸ್ಥೆಯ ಮೇಲೆ ಬರಲಿ ಸಿಟ್ಟು. ನಮ್ಮ ಸಂಸದರನ್ನು, ಅವರು ಯಾವ ಪಕ್ಷದವರೇ ಇರಲಿ, ಇದನ್ನು ಕೇಳೋಣ.

ಹತ್ತಿರದ ಪ್ರಶ್ನೆಯೂ ಒಂದಿದೆ. ಶೇಂಗಾ ಕಿತ್ತ ಹೊಲದಲ್ಲಿ, ನೀರಿಂಗಿದ ಕೆರೆಯಂಗಳದಲ್ಲಿ ಟೆನಿಸ್ ಬಾಲ್ ಟೂರ್ನಿ ಆಡುವ ನಮ್ಮ ಹುಡುಗರಲ್ಲಿ ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗಕ್ಕೆ ಎಸೆಯಬಲ್ಲ ತೋಳುಗಳಿವೆ. ಲೆದರ್ ಬಾಲ್ ಹಿಡಿದು ಕ್ರಮವಾಗಿ ಕಲಿಯಬೇಕೆಂದರೆ ಬಳ್ಳಾರಿಗೋ ದಾವಣಗೆರೆಗೋ ಬಸ್ ಹತ್ತಬೇಕು, ಆ ಖರ್ಚು ಹೊರುವ ಮನೆಗಳು ಕಡಿಮೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ರಾಯಚೂರು ವಲಯವೆಂದು ಒಂದಿದೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಈ ಐದು ತಾಲ್ಲೂಕುಗಳ ಟೂರ್ನಿ ಸಂಘಟಕರು ಒಂದೆಡೆ ಕೂತು, ತಾಲ್ಲೂಕಿಗೊಂದು ಟರ್ಫ್ ವಿಕೆಟ್, ವರ್ಷಕ್ಕೊಂದು ಆಯ್ಕೆ ಶಿಬಿರ, ಹುಡುಗಿಯರಿಗೂ ಒಂದು ತಂಡ ಬೇಕೆಂದು ಆ ವಲಯಕ್ಕೂ ಜಿಲ್ಲೆಯ ಕ್ರೀಡಾ ಇಲಾಖೆಗೂ ಬರೆಯಲಿ. ಉತ್ತರ ಬರದಿದ್ದರೆ ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿ ಮುಂದೆ ಪ್ಯಾಡು, ಬ್ಯಾಟು ಹಿಡಿದೇ ಧರಣಿ ಕೂರೋಣ. ಆ ಧರಣಿಗೆ ನಾನು ಬರುತ್ತೇನೆ.